ಸ್ಮಾರ್ಟ್ ಮನೆಗೆ ಯಾವ ವೈರ್‌ಲೆಸ್ ಪ್ರೋಟೋಕಾಲ್? ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್ಲರ ಮನೆಯಲ್ಲೂ ಇದು ಒಂದು ಬಲ್ಬ್‌ನಿಂದ ಶುರುವಾಗುತ್ತದೆ. ಆಮೇಲೆ ಒಂದು ಪ್ಲಗ್, ಬಾಗಿಲಿಗೊಂದು ಸೆನ್ಸರ್, ಪರದೆಗೊಂದು ಮೋಟರ್. ವರ್ಷ ತುಂಬುವಷ್ಟರಲ್ಲಿ ಫೋನಿನಲ್ಲಿ ನಾಲ್ಕು ಆ್ಯಪ್, ಮನೆಯಲ್ಲಿ ಒಂದರ ಮಾತು ಇನ್ನೊಂದಕ್ಕೆ ತಿಳಿಯದ ಹತ್ತಾರು ಸಾಧನ. ಕೊಳ್ಳುವ ಮುಂಚೆ ಪ್ರೋಟೋಕಾಲ್ ಕಡೆ ಒಂದಿಷ್ಟು ಗಮನ ಕೊಟ್ಟಿದ್ದರೆ ಈ ಗೋಜಲು ಅರ್ಧಕ್ಕರ್ಧ ತಪ್ಪುತ್ತಿತ್ತು. ಗೆಳೆಯರು, ನೆಂಟರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಪ್ರೋಟೋಕಾಲ್ ಅಂದರೆ ಏನು?

ಎರಡು ಸಾಧನಗಳು ಮಾತಾಡಿಕೊಳ್ಳಲು ಒಪ್ಪಿಕೊಂಡಿರುವ ನಿಯಮಗಳು. ಇದರಲ್ಲಿ ಎರಡು ಪದರ ಇದೆ. ಮಾತು ಗಾಳಿಯಲ್ಲಿ ಹೇಗೆ ಸಾಗಬೇಕು ಅನ್ನುವುದು ಒಂದು. ಆ ಮಾತಿನ ಅರ್ಥ ಏನು ಅನ್ನುವುದು ಇನ್ನೊಂದು. ‘ದೀಪ ಹತ್ತಿಸು’ ಅಂದರೆ ಎಲ್ಲ ಕಂಪನಿಯ ಬಲ್ಬ್‌ಗೂ ಒಂದೇ ಅರ್ಥ ಆಗಬೇಕಲ್ಲ.

ವೈ-ಫೈ ಮತ್ತು ಥ್ರೆಡ್ ಮಾತನ್ನು ಮುಟ್ಟಿಸುವ ಕೆಲಸ ಮಾಡುತ್ತವೆ. ಮ್ಯಾಟರ್ ಅರ್ಥವನ್ನು ನೋಡಿಕೊಳ್ಳುತ್ತದೆ. ಜಿಗ್ಬೀ ಮತ್ತು ಝಡ್-ವೇವ್ ಎರಡನ್ನೂ ಮಾಡುತ್ತವೆ. ಇಷ್ಟು ನೆನಪಿದ್ದರೆ ಮುಂದಿನ ಗೊಂದಲ ಎಷ್ಟೋ ಕಡಿಮೆ.

ಸರಿ, ಎಲ್ಲಕ್ಕಿಂತ ಒಳ್ಳೆಯದು ಯಾವುದು?

ಮನೆಗೆ ಒಂದೇ ಪ್ರೋಟೋಕಾಲ್ ಅಂತ ಹುಡುಕಬೇಡಿ. ಒಂದೊಂದು ಸಾಧನ ಕೊಳ್ಳುವಾಗಲೂ ಎರಡು ಪ್ರಶ್ನೆ ಕೇಳಿ. ಇದು ಬ್ಯಾಟರಿಯಲ್ಲಿ ನಡೆಯುತ್ತದೋ, ಕರೆಂಟಿನಲ್ಲೋ? ಇಂಟರ್ನೆಟ್ ಹೋದರೂ ಇದು ಕೆಲಸ ಮಾಡುತ್ತದೋ ಇಲ್ಲವೋ?

ಮೊದಲ ಪ್ರಶ್ನೆಯ ಉತ್ತರ ರೇಡಿಯೋವನ್ನು ಹೆಚ್ಚು ಕಡಿಮೆ ನಿರ್ಧರಿಸಿಬಿಡುತ್ತದೆ. ಎರಡನೆಯದು ಆ ಕಂಪನಿಯನ್ನು ಎಷ್ಟು ನಂಬಬಹುದು ಅನ್ನುವುದನ್ನು ಹೇಳುತ್ತದೆ. ವೇಗ, ದೂರ, ಎಷ್ಟು ಸಾಧನ ಹಿಡಿಯುತ್ತದೆ ಅನ್ನುವ ಲೆಕ್ಕಗಳೆಲ್ಲ ಆಮೇಲೆ.

ಮನೆಯಲ್ಲಿ ವೈ-ಫೈ ಇದ್ದೇ ಇದೆ. ಎಲ್ಲವನ್ನೂ ವೈ-ಫೈಯಲ್ಲೇ ತಗೊಂಡರೆ ಆಗಲ್ವಾ?

ಐದಾರು ಪ್ಲಗ್, ನಾಲ್ಕು ಬಲ್ಬ್, ಒಂದು ಕ್ಯಾಮೆರಾ, ಇಷ್ಟೇ ಸಾಕು ಅನ್ನುವವರಿಗೆ ಖಂಡಿತ ಆಗುತ್ತದೆ. ಬೇರೆ ಹಬ್ (ಸಾಧನಗಳನ್ನೆಲ್ಲ ಒಂದೆಡೆಯಿಂದ ನಡೆಸುವ ಪೆಟ್ಟಿಗೆ) ಬೇಕಾಗಿಲ್ಲ, ಅಳವಡಿಸುವುದೂ ಸುಲಭ. ಕರೆಂಟಿಗೆ ಸಿಕ್ಕಿಸುವ ಸಾಧನಗಳಿಗೆ ವೈ-ಫೈ ಒಳ್ಳೆಯ ಆಯ್ಕೆಯೇ.

ಬ್ಯಾಟರಿ ವಿಷಯಕ್ಕೆ ಬಂದರೆ ಕಥೆ ಬೇರೆ. ವೈ-ಫೈ ರೇಡಿಯೋ ಸಿಗ್ನಲ್ ಕಳಿಸುವಾಗ ನೂರಾರು ಮಿಲಿ ಆಂಪಿಯರ್ ಎಳೆಯಬಹುದು. ಜಿಗ್ಬೀ ಅಥವಾ ಥ್ರೆಡ್ ರೇಡಿಯೋಗೆ ಹತ್ತಿಪ್ಪತ್ತು ಮಿಲಿ ಆಂಪಿಯರ್ ಸಾಕು. ನಿದ್ದೆಯಲ್ಲಿದ್ದಾಗ ಅದು ಮೈಕ್ರೋ ಆಂಪಿಯರ್‌ಗಳಿಗೆ ಇಳಿಯುತ್ತದೆ. ನಾಣ್ಯದ ಹಾಗಿರುವ ಸಿಆರ್2032 ಬ್ಯಾಟರಿಯಲ್ಲಿ ಇರುವುದೇ ಸುಮಾರು 220 ಮಿಲಿ ಆಂಪಿಯರ್ ಅವರ್. ಅದರಲ್ಲಿ ಜಿಗ್ಬೀ ಬಾಗಿಲು ಸೆನ್ಸರ್ ಒಂದೆರಡು ವರ್ಷ ನಡೆಯುತ್ತದೆ. ನಾನು ಮೊದಲು ತಂದದ್ದು ವೈ-ಫೈ ಬಾಗಿಲು ಸೆನ್ಸರ್‌ಗಳು. ದಿನಕ್ಕೆ ಹತ್ತಾರು ಸಲ ತೆರೆಯುವ ಬಾಗಿಲಿನ ಸೆನ್ಸರ್‌ಗೆ ಕೆಲವೇ ತಿಂಗಳಿಗೊಮ್ಮೆ ಬ್ಯಾಟರಿ ಬದಲಿಸಬೇಕಾಗುತ್ತಿತ್ತು. ಒಂದು ಸಲ ಬ್ಯಾಟರಿ ಮುಗಿದದ್ದು ಗೊತ್ತೇ ಆಗಲಿಲ್ಲ. ಹಿಂಬಾಗಿಲು ರಾತ್ರಿಯಿಡೀ ತೆರೆದೇ ಇತ್ತು. ಅವತ್ತಿನಿಂದ ಬ್ಯಾಟರಿ ಸೆನ್ಸರ್‌ಗೆ ವೈ-ಫೈ ಬೇಡ ಅಂತ ಎಲ್ಲರಿಗೂ ಹೇಳುತ್ತೇನೆ.

ಇನ್ನೊಂದು ಮಾತು. ರೂಟರ್ ಬದಲಾಯಿಸಿದರೆ ಅಥವಾ ಪಾಸ್‌ವರ್ಡ್ ಬದಲಾಯಿಸಿದರೆ ಎಲ್ಲ ವೈ-ಫೈ ಸಾಧನಗಳನ್ನೂ ಮತ್ತೆ ಜೋಡಿಸಬೇಕು. ಹೊಸ ರೂಟರ್ ಬಂದಾಗ ಹಳೆಯ ನೆಟ್‌ವರ್ಕಿನ ಹೆಸರನ್ನೂ ಪಾಸ್‌ವರ್ಡನ್ನೂ ಹಾಗೇ ಇಟ್ಟುಕೊಂಡರೆ ಬಹುತೇಕ ಸಾಧನಗಳು ತಾವಾಗೇ ಬಂದು ಸೇರುತ್ತವೆ.

ಹೊಸ ವೈ-ಫೈ ಬಲ್ಬ್ ರೂಟರ್‌ಗೆ ಸೇರುತ್ತಲೇ ಇಲ್ಲ. ಯಾಕೆ?

ಹೆಚ್ಚಿನ ಸ್ಮಾರ್ಟ್ ಸಾಧನಗಳಲ್ಲಿ 2.4 ಗಿಗಾಹರ್ಟ್ಸ್ ವೈ-ಫೈ ಮಾತ್ರ ಇರುತ್ತದೆ. 5 ಗಿಗಾಹರ್ಟ್ಸ್ ನೆಟ್‌ವರ್ಕ್ ಅವುಗಳಿಗೆ ಕಾಣುವುದೇ ಇಲ್ಲ. ರೂಟರ್ ಸೆಟ್ಟಿಂಗ್‌ನಲ್ಲಿ 2.4 ಆನ್ ಇದೆಯಾ ನೋಡಿ. ಎರಡಕ್ಕೂ ಒಂದೇ ಹೆಸರಿದ್ದು ತೊಂದರೆ ಆಗುತ್ತಿದ್ದರೆ, ಜೋಡಿಸುವ ಹೊತ್ತಿಗೆ ಮಾತ್ರ 5 ಗಿಗಾಹರ್ಟ್ಸ್ ಆಫ್ ಮಾಡಿ.

ಜಿಗ್ಬೀ ಅಷ್ಟೊಂದು ಜನಪ್ರಿಯ ಯಾಕೆ?

ಅದರ ಮೆಶ್ ಕಾರಣ, ಅಂದರೆ ಸಾಧನಗಳೇ ಒಂದರ ಮಾತನ್ನು ಇನ್ನೊಂದು ದಾಟಿಸುವ ಬಲೆ. ಜಿಗ್ಬೀಯಲ್ಲಿ ಮೂರು ಥರದ ಸಾಧನ ಇರುತ್ತವೆ. ಇಡೀ ನೆಟ್‌ವರ್ಕ್ ಶುರು ಮಾಡುವ ಕೋಆರ್ಡಿನೇಟರ್ ಒಂದು, ಅದು ಹಬ್‌ನ ಒಳಗೆ ಇರುತ್ತದೆ. ಸದಾ ಕರೆಂಟಿನಲ್ಲಿರುವ ಪ್ಲಗ್, ಬಲ್ಬ್‌ಗಳಲ್ಲಿ ಹೆಚ್ಚಿನವು ರೂಟರ್‌ಗಳು (ವೈ-ಫೈ ರೂಟರ್ ಬೇರೆ). ಅವು ತಮ್ಮ ಕೆಲಸದ ಜೊತೆ ಪಕ್ಕದವರ ಮಾತನ್ನೂ ಮುಂದಕ್ಕೆ ದಾಟಿಸುತ್ತವೆ. ಬ್ಯಾಟರಿ ಸೆನ್ಸರ್‌ಗಳು ಮಾತ್ರ ಹೆಚ್ಚು ಹೊತ್ತು ಮಲಗಿರುತ್ತವೆ. ಎದ್ದಾಗ ಹೇಳುವುದನ್ನು ಹೇಳಿ ಮತ್ತೆ ಮಲಗುತ್ತವೆ.

ಹಾಗಾಗಿ ಮನೆಯ ಕೊನೆಯ ಕೋಣೆಯ ಸೆನ್ಸರ್ ಹಬ್‌ಗೆ ನೇರವಾಗಿ ಕೇಳಿಸಬೇಕಿಲ್ಲ. ನಡುವಿನ ಪ್ಲಗ್‌ಗೆ ಕೇಳಿಸಿದರೆ ಸಾಕು. ವೇಗ ಸೆಕೆಂಡಿಗೆ 250 ಕಿಲೋಬಿಟ್ ಅಷ್ಟೇ. ‘ಬಾಗಿಲು ತೆರೆಯಿತು’ ಅಂತ ಹೇಳಲು ಅದಕ್ಕಿಂತ ಜಾಸ್ತಿ ಯಾಕೆ ಬೇಕು?

ಕೊಳ್ಳುವಾಗ ಜಿಗ್ಬೀ 3.0 ಅಂತ ಇದೆಯಾ ನೋಡಿ. ಅದಕ್ಕೂ ಹಿಂದಿನ ಕಾಲದಲ್ಲಿ ದೀಪಕ್ಕೊಂದು, ಮನೆಯ ಇತರ ಸಾಧನಕ್ಕೊಂದು ಅಂತ ಬೇರೆ ಬೇರೆ ಪ್ರೊಫೈಲ್ ಇದ್ದವು. ಎಲ್ಲಕ್ಕೂ ಜಿಗ್ಬೀ ಅಂತಲೇ ಹೆಸರು, ಆದರೂ ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಮೆಶ್ ಇದ್ದರೂ ಸೆನ್ಸರ್‌ಗಳು ಆಗಾಗ ಕಾಣೆಯಾಗುತ್ತವಲ್ಲ?

ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಕಾರಣ ಬಹಳ ಸಲ ಗೋಡೆಯ ಮೇಲಿನ ಸ್ವಿಚ್.

ಸ್ಮಾರ್ಟ್ ಬಲ್ಬ್ ಹಾಕುತ್ತೇವೆ, ಗೋಡೆಯ ಸ್ವಿಚ್ ಹಳೆಯದೇ ಇರುತ್ತದೆ. ರಾತ್ರಿ ಮಲಗುವಾಗ ಯಾರೋ ಅಭ್ಯಾಸದಂತೆ ಸ್ವಿಚ್ ಆಫ್ ಮಾಡುತ್ತಾರೆ. ಬಲ್ಬ್‌ಗೆ ಕರೆಂಟೇ ಹೋಗುತ್ತದೆ. ಆ ಬಲ್ಬನ್ನು ನಂಬಿಕೊಂಡಿದ್ದ ಮೂರು ಸೆನ್ಸರ್‌ಗಳಿಗೆ ದಾರಿಯೂ ಹೋಗುತ್ತದೆ. ಕೆಲವು ಬೇರೆ ದಾರಿ ಹುಡುಕಿಕೊಳ್ಳುತ್ತವೆ. ಕೆಲವು ಗಂಟೆಗಟ್ಟಲೆ ಹುಡುಕುತ್ತಾ ಬ್ಯಾಟರಿ ಕಳೆದುಕೊಳ್ಳುತ್ತವೆ. ನಮ್ಮ ಮನೆಯಲ್ಲಿ ಹೀಗಾದಾಗ ನಾನು ಎರಡು ವಾರ ಹಬ್ ಅನ್ನೇ ಅನುಮಾನಿಸಿದ್ದೆ. ಅಮ್ಮ ಸ್ವಿಚ್ ಆಫ್ ಮಾಡಿದ ಹೊತ್ತಿಗೂ ಸೆನ್ಸರ್ ಮಾಯವಾಗುವ ಹೊತ್ತಿಗೂ ತಾಳೆ ಆಗುತ್ತಿದೆ ಅಂತ ಹೊಳೆದದ್ದು ಆಮೇಲೆ.

ಅಮ್ಮನದೇನೂ ತಪ್ಪಿಲ್ಲ. ಮಲಗುವಾಗ ದೀಪ ಆರಿಸುವುದು ಯಾರೇ ಆದರೂ ಮಾಡುವ ಕೆಲಸ. ಮನೆಯವರ ಅಭ್ಯಾಸ ತಿದ್ದಲು ಹೊರಡಬೇಡಿ. ಬಲ್ಬ್ ಬದಲು ಸ್ವಿಚ್ ಜಾಗದಲ್ಲೇ ಸ್ಮಾರ್ಟ್ ಸ್ವಿಚ್, ಇಲ್ಲವೇ ಸ್ವಿಚ್‌ನ ಹಿಂದೆ ಕೂರುವ ಸಣ್ಣ ರಿಲೇ ಹಾಕಿಸಿ. ಆಗ ಗುಂಡಿ ಒತ್ತಿದರೂ ದೀಪ ಹತ್ತುತ್ತದೆ, ಫೋನಿನಿಂದಲೂ ಹತ್ತುತ್ತದೆ. ಸ್ವಿಚ್‌ಗೆ ಮಾತ್ರ ಸದಾ ಕರೆಂಟ್ ಇರುತ್ತದೆ. ಈ ಥರದ ಸ್ವಿಚ್‌ಗಳಲ್ಲಿ ಬಹಳಷ್ಟಕ್ಕೆ ನ್ಯೂಟ್ರಲ್ ವೈರ್ ಬೇಕು. ಸ್ವಿಚ್ ಬಾಕ್ಸ್‌ವರೆಗೆ ಅದು ಬಂದಿದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಮೊದಲೇ ಕೇಳಿ. ನ್ಯೂಟ್ರಲ್ ಇಲ್ಲದೆ ನಡೆಯುವ ಜಿಗ್ಬೀ ಸ್ವಿಚ್‌ಗಳೂ ಸಿಗುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವು ರೂಟರ್ ಆಗಿ ಕೆಲಸ ಮಾಡುವುದಿಲ್ಲ.

ಬಾಡಿಗೆ ಮನೆಯಲ್ಲಿ ಸ್ವಿಚ್ ಮುಟ್ಟುವಂತಿಲ್ಲ ಅನ್ನುವವರು, ಯಾರೂ ಕಿತ್ತು ತೆಗೆಯದ ಜಾಗದಲ್ಲಿ ಎರಡು ಮೂರು ಜಿಗ್ಬೀ ಪ್ಲಗ್ ಸಿಕ್ಕಿಸಿಡಿ. ಫ್ರಿಜ್ ಹಿಂದೆ, ಟಿವಿ ಹಿಂದೆ. ಮೆಶ್‌ಗೆ ಅವೇ ಗಟ್ಟಿ ಕಂಬಗಳು.

ವೈ-ಫೈ ಮತ್ತು ಜಿಗ್ಬೀ ಎರಡೂ 2.4 ಗಿಗಾಹರ್ಟ್ಸ್ ಅಂತೀರಿ. ಜಗಳ ಆಗಲ್ವಾ?

ಆಗುತ್ತದೆ, ಆದರೆ ತಪ್ಪಿಸಬಹುದು. ಜಿಗ್ಬೀಗೆ 11ರಿಂದ 26ರವರೆಗೆ 16 ಚಾನೆಲ್ ಇವೆ. ವೈ-ಫೈ ಸಾಮಾನ್ಯವಾಗಿ 1, 6, 11ರಲ್ಲಿ ಇರುತ್ತದೆ. ಎರಡೂ ಕಡೆ 11 ಅಂತ ಇದ್ದರೂ ಅವು ಒಂದೇ ಜಾಗ ಅಲ್ಲ, ಎಣಿಕೆಯೇ ಬೇರೆ. ಜಿಗ್ಬೀ 11 ಇರುವುದು 2405 ಮೆಗಾಹರ್ಟ್ಸ್‌ನಲ್ಲಿ, ವೈ-ಫೈ 11ರ ನಡುಬಿಂದು 2462ರಲ್ಲಿ.

ವೈ-ಫೈ 1 ಮತ್ತು 6ರ ನಡುವಿನ ಸಂದಿಯಲ್ಲಿ ಜಿಗ್ಬೀ 15 ಕೂರುತ್ತದೆ. 6 ಮತ್ತು 11ರ ನಡುವೆ ಜಿಗ್ಬೀ 20. 11ನ್ನು ದಾಟಿದ ಮೇಲೆ 25 ಮತ್ತು 26. ಇವುಗಳಲ್ಲಿ 25 ನನ್ನ ಮೊದಲ ಆಯ್ಕೆ, ಯಾಕೆಂದರೆ 26ರಲ್ಲಿ ಕೆಲವು ಸಾಧನಗಳು ಕಡಿಮೆ ಶಕ್ತಿಯಲ್ಲಿ ಮಾತಾಡುತ್ತವೆ. ವೈ-ಫೈ 2.4ನ್ನು 20 ಮೆಗಾಹರ್ಟ್ಸ್ ಅಗಲಕ್ಕೆ ಇಡಿ. 40ಕ್ಕೆ ಇಟ್ಟರೆ ಈ ಸಂದಿಗಳೆಲ್ಲ ಮುಚ್ಚಿಹೋಗುತ್ತವೆ. ಚಾನೆಲ್ ಆಯ್ಕೆಯನ್ನು ಮೊದಲ ದಿನವೇ ಮುಗಿಸಿ. ಐವತ್ತು ಸಾಧನ ಸೇರಿದ ಮೇಲೆ ಬದಲಾಯಿಸಿದರೆ ಕೆಲವನ್ನು ಒಂದೊಂದಾಗಿ ಮತ್ತೆ ಜೋಡಿಸಬೇಕಾಗಬಹುದು.

ಹಬ್ಬನ್ನು ವೈ-ಫೈ ರೂಟರ್ ಪಕ್ಕಕ್ಕೆ ಅಂಟಿಸಿ ಇಡಬೇಡಿ, ಒಂದೆರಡು ಮೀಟರ್ ದೂರ ಇರಲಿ. ಕಂಪ್ಯೂಟರಿಗೆ ಸಿಕ್ಕಿಸುವ ಜಿಗ್ಬೀ ಡಾಂಗಲ್ ಆದರೆ ಅದಕ್ಕೆ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ಕಡ್ಡಾಯ ಅಂದುಕೊಳ್ಳಿ. ಯುಎಸ್‌ಬಿ 3.0 ಪೋರ್ಟ್‌ಗಳಿಂದ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಹೊರಡುತ್ತದೆ ಅಂತ ಇಂಟೆಲ್ 2012ರಲ್ಲೇ ತೋರಿಸಿತ್ತು. ಒಂದು ಮೀಟರ್ ಕೇಬಲ್ ಹಾಕಿದ ಕೂಡಲೇ ಇಡೀ ಮನೆಯ ಸೆನ್ಸರ್‌ಗಳು ಸರಿಹೋದದ್ದನ್ನು ನಾನೇ ನೋಡಿದ್ದೇನೆ.

ಝಡ್-ವೇವ್ ಹೇಗೆ?

ಅದು 2.4 ಗಿಗಾಹರ್ಟ್ಸ್ ಗಲಾಟೆಯಿಂದ ದೂರ ಇದೆ, ಇದೇ ಅದರ ದೊಡ್ಡ ಗುಣ. ಒಂದು ಗಿಗಾಹರ್ಟ್ಸ್‌ಗಿಂತ ಕೆಳಗೆ ನಡೆಯುವುದರಿಂದ ಗೋಡೆಗಳನ್ನೂ ಚೆನ್ನಾಗಿ ದಾಟುತ್ತದೆ. ಸಾಮಾನ್ಯ ಝಡ್-ವೇವ್ ಮೆಶ್‌ನಲ್ಲಿ 232 ಸಾಧನಗಳವರೆಗೆ ಇರಬಹುದು. ಒಂದು ಸಂದೇಶ ನಾಲ್ಕು ಸಾಧನಗಳ ಕೈ ದಾಟಿ ಹೋಗಬಹುದು.

ಎಚ್ಚರ ಬೇಕಾದದ್ದು ಒಂದೇ ಕಡೆ. ಇದರ ಫ್ರೀಕ್ವೆನ್ಸಿ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 908.42 ಮೆಗಾಹರ್ಟ್ಸ್, ಯುರೋಪಿನಲ್ಲಿ 868.42. ಒಂದು ಕಡೆಯ ಬೀಗ ಇನ್ನೊಂದು ಕಡೆಯ ಹಬ್ ಜೊತೆ ಮಾತಾಡುವುದಿಲ್ಲ, ಅಲ್ಲಿಂದ ತಂದು ಇಲ್ಲಿ ಬಳಸುವುದು ಕಾನೂನಿಗೂ ವಿರುದ್ಧ ಆಗಬಹುದು. ಊರಿಗೆ ಬರುವ ನೆಂಟರಿಂದ ತರಿಸಿಕೊಳ್ಳುವ ಮುಂಚೆ ಇದನ್ನು ನೋಡಿ.

ಥ್ರೆಡ್ ಮತ್ತು ಜಿಗ್ಬೀ ನಡುವೆ ಏನು ವ್ಯತ್ಯಾಸ?

ರೇಡಿಯೋ ಎರಡಕ್ಕೂ ಒಂದೇ, ಐಇಇಇ 802.15.4. ಎರಡೂ ಮೆಶ್. ವ್ಯತ್ಯಾಸ ಇರುವುದು ವಿಳಾಸದಲ್ಲಿ. ಥ್ರೆಡ್‌ನಲ್ಲಿ ಪ್ರತಿ ಸೆನ್ಸರ್‌ಗೂ ತನ್ನದೇ ಐಪಿವಿ6 ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ಬಳಸುವ ಥರದ್ದೇ ವಿಳಾಸ, ಇರುತ್ತದೆ. ಹಾಗಾಗಿ ನಡುವೆ ಒಬ್ಬ ದುಭಾಷಿ ಬೇಕಾಗಿಲ್ಲ, ದಾರಿ ತೋರಿಸುವವರು ಇದ್ದರೆ ಸಾಕು. ಆ ಕೆಲಸ ಮಾಡುವುದನ್ನು ಬಾರ್ಡರ್ ರೂಟರ್ ಅನ್ನುತ್ತಾರೆ. ಹೋಮ್‌ಪಾಡ್ ಮಿನಿ, ಎರಡನೇ ತಲೆಮಾರಿನ ನೆಸ್ಟ್ ಹಬ್, ನಾಲ್ಕನೇ ತಲೆಮಾರಿನ ಎಕೋ ಇವುಗಳ ಒಳಗೆ ಅದು ಇದೆ. ಎಷ್ಟೋ ಜನರ ಮನೆಯಲ್ಲಿ ಬಾರ್ಡರ್ ರೂಟರ್ ಆಗಲೇ ಇರುತ್ತದೆ, ಅವರಿಗೇ ಗೊತ್ತಿರುವುದಿಲ್ಲ.

ಒಂದೇ ಮನೆಯಲ್ಲಿ ಎರಡು ಬಾರ್ಡರ್ ರೂಟರ್ ಇದ್ದರೆ, ಒಂದು ಕೆಟ್ಟರೂ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. ಜಿಗ್ಬೀಯಲ್ಲಿ ಕೋಆರ್ಡಿನೇಟರ್ ಕೆಟ್ಟರೆ ಇಡೀ ಮನೆ ನಿಂತ ಹಾಗೆ. ಆದರೆ ಬೇರೆ ಬೇರೆ ಕಂಪನಿಯ ಬಾರ್ಡರ್ ರೂಟರ್‌ಗಳು ತಮ್ಮದೇ ಪ್ರತ್ಯೇಕ ಥ್ರೆಡ್ ನೆಟ್‌ವರ್ಕ್ ಕಟ್ಟಿಕೊಂಡು ಕೂರುವ ತೊಂದರೆ ಬಹಳ ದಿನ ಕಾಡಿತು. 2024ರ ಥ್ರೆಡ್ 1.4 ಇದನ್ನು ಸರಿಪಡಿಸಲು ದಾರಿ ಮಾಡಿಕೊಟ್ಟಿದೆ. ಕೊಳ್ಳುವ ಬಾರ್ಡರ್ ರೂಟರ್‌ಗೆ ಅದು ಬಂದಿದೆಯಾ ಅಂತ ವಿಚಾರಿಸಿ.

ಮ್ಯಾಟರ್ ಬಂದ ಮೇಲೆ ಇದೆಲ್ಲ ಬೇಕಾ?

ಬೇಕು. ಮ್ಯಾಟರ್ ರೇಡಿಯೋ ಅಲ್ಲ. ಅದು ವೈ-ಫೈ, ಥ್ರೆಡ್ ಅಥವಾ ಈಥರ್ನೆಟ್ ಮೇಲೆ ಆಡುವ ಭಾಷೆ. ಮೊದಲ ಸಲ ಜೋಡಿಸುವಾಗ ಸಾಮಾನ್ಯವಾಗಿ ಬ್ಲೂಟೂತ್ ಬಳಸುತ್ತದೆ. ಪೆಟ್ಟಿಗೆ ಮೇಲೆ ಮ್ಯಾಟರ್ ಗುರುತು ಇದೆ ಅಂತ ತಂದು, ಅದು ಥ್ರೆಡ್ ಸಾಧನ, ಮನೆಯಲ್ಲಿ ಬಾರ್ಡರ್ ರೂಟರ್ ಇಲ್ಲ ಅಂತ ಆಮೇಲೆ ಗೊತ್ತಾಗಿ ಬೇಜಾರಾದವರು ಬಹಳ. ಕೊಳ್ಳುವಾಗ ‘ಮ್ಯಾಟರ್, ಯಾವುದರ ಮೇಲೆ?’ ಅಂತ ಕೇಳಿ.

ಅಮೆಜಾನ್, ಆ್ಯಪಲ್, ಗೂಗಲ್ ಮತ್ತು ಆಗಿನ ಜಿಗ್ಬೀ ಅಲಯನ್ಸ್ 2019ರ ಡಿಸೆಂಬರ್‌ನಲ್ಲಿ ಈ ಕೆಲಸ ಘೋಷಿಸಿದವು. ಮೊದಲ ಆವೃತ್ತಿ 2022ರ ಅಕ್ಟೋಬರ್‌ನಲ್ಲಿ ಬಂತು. ಪೈಪೋಟಿಯ ಕಂಪನಿಗಳು ಒಂದು ಭಾಷೆಗೆ ಒಪ್ಪಿದ್ದು ಕೊಳ್ಳುವವರಿಗೆ ದೊಡ್ಡ ಲಾಭ. ಒಂದೇ ಬಲ್ಬನ್ನು ನೀವು ಒಂದು ಆ್ಯಪ್‌ನಿಂದ, ಮನೆಯ ಇನ್ನೊಬ್ಬರು ಬೇರೆ ಕಂಪನಿಯ ಆ್ಯಪ್‌ನಿಂದ ಒಟ್ಟಿಗೇ ನಡೆಸಬಹುದು. ಆಜ್ಞೆಗಳೂ ಮನೆಯ ಒಳಗೇ ಓಡುತ್ತವೆ, ಹೊರಗಿನ ಸರ್ವರ್‌ಗೆ ಹೋಗಿ ಬರಬೇಕಿಲ್ಲ.

ಕೊರತೆಯೂ ಇದೆ. ಸಾಧನದ ವಿಶೇಷ ಸೌಲಭ್ಯಗಳು ಕೆಲವು ಸಲ ಕಂಪನಿಯ ಸ್ವಂತ ಆ್ಯಪ್‌ನಲ್ಲಿ ಮಾತ್ರ ಸಿಗುತ್ತವೆ. ಮ್ಯಾಟರ್ ನಿಂತಿರುವುದು ಐಪಿವಿ6 ಮೇಲೆ. ರೂಟರ್‌ನಲ್ಲಿ ಐಪಿವಿ6 ಅಥವಾ ಮಲ್ಟಿಕಾಸ್ಟ್ (ಒಂದೇ ಸಂದೇಶವನ್ನು ಹಲವು ಸಾಧನಗಳಿಗೆ ಒಟ್ಟಿಗೆ ಕಳಿಸುವುದು) ತಡೆದಿದ್ದರೆ ಸಾಧನಗಳು ಬಂದು ಹೋಗಿ ಮಾಡುತ್ತವೆ.

ಹಳೆಯ ಜಿಗ್ಬೀ ಸಾಧನಗಳನ್ನು ಎಸೆಯಬೇಕಾ?

ಬೇಡವೇ ಬೇಡ. ಎಷ್ಟೋ ಜಿಗ್ಬೀ ಹಬ್‌ಗಳು ಈಗ ಮ್ಯಾಟರ್ ಬ್ರಿಡ್ಜ್ ಆಗಿ ಕೆಲಸ ಮಾಡುತ್ತವೆ. ಹಬ್‌ನ ಹಿಂದೆ ಇರುವ ಸಾಧನಗಳೆಲ್ಲ ಹೊಸ ಆ್ಯಪ್‌ನಲ್ಲಿ ಮ್ಯಾಟರ್ ಸಾಧನಗಳಂತೆ ಕಾಣುತ್ತವೆ. ಚೆನ್ನಾಗಿ ನಡೆಯುತ್ತಿರುವ ಸೆನ್ಸರ್ ಕಸಕ್ಕೆ ಹೋಗುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಬರೀ ಬ್ಲೂಟೂತ್ ಬಲ್ಬ್ ತಗೊಳ್ಳಬಹುದಾ?

ಒಂದು ಕೋಣೆಗೆ ಸರಿ. ಫೋನ್ ಹತ್ತಿರ ಇದ್ದಾಗ ಮಾತ್ರ ಅದು ಕೇಳುತ್ತದೆ. ಇಡೀ ಮನೆಗೆ ಬೇಡ.

433 ಮೆಗಾಹರ್ಟ್ಸ್ ರಿಮೋಟ್ ಸ್ವಿಚ್‌ಗಳು ಅಗ್ಗ. ಅವನ್ನು ಸೇರಿಸಿಕೊಳ್ಳಬಹುದಾ?

ಅವುಗಳಲ್ಲಿ ಹೆಚ್ಚಿನವು ಒಮ್ಮುಖ. ಆಜ್ಞೆ ಹೋಗುತ್ತದೆ, ಉತ್ತರ ಬರುವುದಿಲ್ಲ. ಫ್ಯಾನ್ ನಿಜಕ್ಕೂ ನಿಂತಿತಾ ಅಂತ ತಿಳಿಯದು. ಅಲಂಕಾರದ ದೀಪಕ್ಕೆ ಆಗಬಹುದು. ಹೀಟರ್, ಪಂಪು, ಗೇಟಿಗೆ ಬೇಡ.

ಕ್ಯಾಮೆರಾಗೆ ಯಾವುದು?

ವೈ-ಫೈ ಅಥವಾ ನೇರ ಕೇಬಲ್. ವಿಡಿಯೋ ಹೊರಲು 250 ಕಿಲೋಬಿಟ್ ಸಾಲದು.

ಇಂಟರ್ನೆಟ್ ಹೋದಾಗ ಏನಾಗುತ್ತದೆ?

ಇದು ನಾನು ಮೊದಲು ಹೇಳಿದ ಎರಡನೇ ಪ್ರಶ್ನೆ. ಉತ್ತರ ಪ್ರೋಟೋಕಾಲ್‌ಗಿಂತ ಹೆಚ್ಚಾಗಿ, ಬುದ್ಧಿ ಎಲ್ಲಿ ಕೂತಿದೆ ಅನ್ನುವುದರ ಮೇಲೆ ನಿಂತಿದೆ. ಎಷ್ಟೋ ವೈ-ಫೈ ಬಲ್ಬ್‌ಗಳಲ್ಲಿ ನೀವು ಗುಂಡಿ ಒತ್ತಿದರೆ ಆಜ್ಞೆ ದೂರದ ಸರ್ವರ್‌ಗೆ ಹೋಗಿ, ಅಲ್ಲಿಂದ ಎರಡಡಿ ದೂರದ ಬಲ್ಬ್‌ಗೆ ಬರುತ್ತದೆ. ನೆಟ್ ಹೋದರೆ ಆ ದಾರಿಯೇ ಇಲ್ಲ.

ಸರ್ವರ್ ಮುಚ್ಚಿದರೆ ಇನ್ನೂ ಕಷ್ಟ. 2016ರ ಮೇ ತಿಂಗಳಲ್ಲಿ ರಿವಾಲ್ವ್ ಅನ್ನುವ ಹಬ್‌ನ ಸೇವೆಯನ್ನು ನಿಲ್ಲಿಸಲಾಯಿತು. ಜನ ದುಡ್ಡು ಕೊಟ್ಟು ತಂದ ಹಬ್ ಒಂದೇ ದಿನದಲ್ಲಿ ಖಾಲಿ ಡಬ್ಬಿಯಾಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಸರ್ವರ್‌ಗಳು ಮುನ್ಸೂಚನೆ ಇಲ್ಲದೆ ನಿಂತವು. ಕೆಲವು ವಾರಗಳ ನಂತರ ಅದನ್ನು ಬಳಸುತ್ತಿದ್ದವರದೇ ಒಂದು ಗುಂಪು ಕಂಪನಿಯನ್ನು ಕೊಂಡು ಮತ್ತೆ ನಡೆಸಿತು. ಎಲ್ಲ ಸಲವೂ ಅಂಥ ಅದೃಷ್ಟ ಇರುವುದಿಲ್ಲ.

ಪರೀಕ್ಷೆ ಸುಲಭ. ರೂಟರ್ ಆನ್ ಇರಲಿ, ಹೊರಗಿನಿಂದ ಬರುವ ಇಂಟರ್ನೆಟ್ ಕೇಬಲ್ ಮಾತ್ರ ತೆಗೆಯಿರಿ. ಅರ್ಧ ಗಂಟೆ ಮನೆಯಲ್ಲಿ ಓಡಾಡಿ. ದೀಪ ಹತ್ತುತ್ತದಾ, ಸೆನ್ಸರ್ ಕಂಡರೆ ಫ್ಯಾನ್ ಶುರುವಾಗುತ್ತದಾ, ಬೀಗ ತೆರೆಯುತ್ತದಾ ನೋಡಿ. ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಇದನ್ನು ಮಾಡಿ. ಜಿಗ್ಬೀ ಇದ್ದರೂ ಹಬ್ ತನ್ನ ಬುದ್ಧಿಯನ್ನೆಲ್ಲ ಸರ್ವರ್‌ನಲ್ಲಿ ಇಟ್ಟಿದ್ದರೆ ಅದೂ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಸ್ವಲ್ಪ ಕಲಿಯುವ ಮನಸ್ಸಿದ್ದರೆ ಹೋಮ್ ಅಸಿಸ್ಟೆಂಟ್ ಅನ್ನುವ ಮುಕ್ತ ತಂತ್ರಾಂಶ ನೋಡಿ. ಸಣ್ಣ ಕಂಪ್ಯೂಟರಿನಲ್ಲಿ, ಮನೆಯ ಒಳಗೇ ನಡೆಯುತ್ತದೆ. ಇಲ್ಲಿ ಹೇಳಿದ ಪ್ರೋಟೋಕಾಲ್‌ಗಳೆಲ್ಲ ಅದಕ್ಕೆ ಗೊತ್ತು.

ಕಳ್ಳತನದ ಭಯ? ಯಾರಾದರೂ ಒಳಗೆ ನುಗ್ಗಬಹುದಾ?

ಜಿಗ್ಬೀ, ಥ್ರೆಡ್, ಹೊಸ ಝಡ್-ವೇವ್ ಎಲ್ಲವೂ 128 ಬಿಟ್ ಎಇಎಸ್ ಗುಪ್ತಲಿಪಿ ಬಳಸುತ್ತವೆ. ಗಾಳಿಯಲ್ಲಿ ಕದ್ದು ಕೇಳುವವರಿಗೆ ಸುಲಭಕ್ಕೆ ಏನೂ ಸಿಗದು. ಅಪಾಯ ಹೆಚ್ಚಾಗಿ ಬರುವುದು ಇಂಟರ್ನೆಟ್‌ಗೆ ತೆರೆದುಕೊಂಡಿರುವ ಸಾಧನದಿಂದ. 2016ರ ಮಿರಾಯ್ ದಾಳಿಯಲ್ಲಿ ಸಿಕ್ಕಿಬಿದ್ದ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳಲ್ಲಿ ಕಾರ್ಖಾನೆಯ ಪಾಸ್‌ವರ್ಡ್ ಹಾಗೇ ಉಳಿದಿತ್ತು. ಪಾಸ್‌ವರ್ಡ್ ಬದಲಾಯಿಸಿ, ಅಪ್‌ಡೇಟ್ ಹಾಕಿ, ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ ಕಂಪನಿಯ ಕ್ಯಾಮೆರಾ ಬೇಡ.

ಬಾಗಿಲ ಬೀಗ ಯಾವ ಪ್ರೋಟೋಕಾಲ್‌ನದೇ ಇರಲಿ, ಲೋಹದ ಕೀ ಹಾಕುವ ಜಾಗ ಇರುವುದನ್ನೇ ತನ್ನಿ. ಬ್ಯಾಟರಿ ಸತ್ತ ರಾತ್ರಿ ವಯಸ್ಸಾದವರು ಹೊರಗೆ ನಿಲ್ಲುವ ಹಾಗಾಗಬಾರದು.

ಯಾವುದರಿಂದ ಶುರು ಮಾಡಲಿ?

ಮೊದಲು ಕರೆಂಟಿನ ಸಾಧನ, ಆಮೇಲೆ ಬ್ಯಾಟರಿಯವು. ಜಿಗ್ಬೀ ಅಥವಾ ಥ್ರೆಡ್ ಪ್ಲಗ್, ಸ್ವಿಚ್‌ಗಳು ಮೆಶ್ ಕಟ್ಟಿಕೊಂಡ ಮೇಲೆ ಸೆನ್ಸರ್ ಸೇರಿಸಿ. ಸೆನ್ಸರನ್ನು ಹಬ್ ಪಕ್ಕ ಕೂತು ಜೋಡಿಸಬೇಡಿ, ಅದು ಕೊನೆಗೆ ಇರುವ ಜಾಗದಲ್ಲೇ ಜೋಡಿಸಿ. ಹತ್ತಿರದ ರೂಟರ್ ಯಾವುದು ಅಂತ ಅದಕ್ಕೆ ಆಗ ಸರಿಯಾಗಿ ತಿಳಿಯುತ್ತದೆ.

ಇಂದು ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ಹೀಗಿದೆ. ಸ್ವಿಚ್, ಪ್ಲಗ್‌ಗಳಿಗೆ ಮ್ಯಾಟರ್ ಇರುವ ವೈ-ಫೈ ಅಥವಾ ಥ್ರೆಡ್. ಬ್ಯಾಟರಿ ಸೆನ್ಸರ್‌ಗೆ ಥ್ರೆಡ್ ಅಥವಾ ಜಿಗ್ಬೀ, ನಿಮ್ಮಲ್ಲಿ ಯಾವುದರ ಹಬ್ ಇದೆಯೋ ಅದು. ಆಯ್ಕೆ ಮತ್ತು ಉಳಿತಾಯ ಈಗಲೂ ಜಿಗ್ಬೀಯಲ್ಲೇ ಜಾಸ್ತಿ.

ಜೋಡಿಸುವ ಮುಂಚೆ ಮಾಡಲೇಬೇಕಾದ ಕೆಲಸ ಏನಾದರೂ ಇದೆಯಾ?

ಇದೆ. ಮ್ಯಾಟರ್ ಸಾಧನದ ಮೇಲೆ ಒಂದು ಕ್ಯೂಆರ್ ಕೋಡ್, ಅದರ ಜೊತೆ 11 ಅಂಕಿಗಳ ಸಂಖ್ಯೆ ಇರುತ್ತದೆ. ಮತ್ತೆ ಹೊಸದಾಗಿ ಜೋಡಿಸಬೇಕಾದಾಗ ಅದೇ ಬೇಕು. ಸ್ವಿಚ್ಚನ್ನು ಗೋಡೆಯೊಳಗೆ ಕೂರಿಸಿ ಸ್ಕ್ರೂ ಬಿಗಿದ ಮೇಲೆ ಆ ಕೋಡ್ ಕಾಣುವುದಿಲ್ಲ. ಮೊದಲೇ ಫೋಟೋ ತೆಗೆದು, ಯಾವ ಕೋಣೆಯದು ಅಂತ ಹೆಸರು ಬರೆದು, ಮನೆಯ ಇನ್ನೊಬ್ಬರಿಗೂ ಸಿಗುವ ಜಾಗದಲ್ಲಿ ಇಡಿ.